ಮೂಗಿನ ಮೇಲಿನ ಕಪ್ಪು ಚುಕ್ಕೆ ಕೊಳೆಯಲ್ಲ

ಹಬೆ ಕೊಟ್ಟರೆ ಮುಖದ ರಂಧ್ರ ತೆರೆಯುತ್ತದೆ, ಐಸ್ ಇಟ್ಟರೆ ಮುಚ್ಚುತ್ತದೆ ಅನ್ನುವುದು ನಮ್ಮ ಪಾರ್ಲರ್ ಕಸುಬಿನ ಹಳೇ ಮಾತು. ತೆರೆದು ಮುಚ್ಚೋಕೆ ಅಲ್ಲಿ ಸ್ನಾಯುವೇ ಇಲ್ಲ. ಹಬೆಗೆ ಜಿಡ್ಡು ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೆ.

ರಂಧ್ರ ಅಂದರೆ ಕೂದಲ ಬುಡದಿಂದ ಮೇಲಕ್ಕೆ ಬರುವ ಸಣ್ಣ ಕೊಳವೆಯ ಬಾಯಿ. ಪಕ್ಕದ ಗ್ರಂಥಿ ಅದರೊಳಗೆ ಸೀಬಮ್ ಎಂಬ ಜಿಡ್ಡನ್ನು ಬಿಡುತ್ತದೆ. ಕೊಳವೆಯ ಒಳಗೋಡೆಯಿಂದ ಸತ್ತ ಜೀವಕೋಶಗಳು ಉದುರುತ್ತಲೇ ಇರುತ್ತವೆ. ಅವು ಹೊರಗೆ ಹೋಗದೆ ಒಂದಕ್ಕೊಂದು ಅಂಟಿ, ಜಿಡ್ಡಿನ ಜೊತೆ ಸೇರಿದರೆ ಬಿರಡೆ ಹಾಕಿದಂತಾಗುತ್ತದೆ. ಮೇಲೆ ಚರ್ಮ ಮುಚ್ಚಿದ್ದರೆ ವೈಟ್‌ಹೆಡ್. ಬಾಯಿ ತೆರೆದಿದ್ದರೆ ಗಾಳಿ ತಾಕಿ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸೇರಿ, ತುದಿ ಕಪ್ಪಾಗಿ ಬ್ಲ್ಯಾಕ್‌ಹೆಡ್. ಇದು ಕೊಳೆಯಲ್ಲ, ಹಾಗಾಗಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಇನ್ನೊಂದಿದೆ. ಮೂಗಿನ ಮೇಲೆ ಒಂದೇ ಅಳತೆಯ, ಒತ್ತೊತ್ತಾಗಿರುವ ಬೂದು ಚುಕ್ಕೆಗಳು ಹೆಚ್ಚಾಗಿ ಬ್ಲ್ಯಾಕ್‌ಹೆಡ್ಡೇ ಅಲ್ಲ, ಜಿಡ್ಡು ಹೊರಬರುವ ಸಹಜ ದಾರಿ. ಪಟ್ಟಿ ಅಂಟಿಸಿ ಕಿತ್ತರೂ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಅವನ್ನು ಬಿಟ್ಟುಬಿಡಿ.

ಯಾರಾದರೂ ಬಂದು ಕೂತರೆ ನಾನು ಮೊದಲು ನೋಡುವುದು ಎಲ್ಲಿ ಕಟ್ಟಿಕೊಂಡಿದೆ ಅಂತ. ಹಣೆಯಲ್ಲಿ ಕೂದಲಂಚಿಗೆ ಮಾತ್ರ ಸಣ್ಣ ಗುಳ್ಳೆಗಳಿದ್ದರೆ ತಲೆಗೆ ಹಚ್ಚುವ ಎಣ್ಣೆ, ಜೆಲ್ ಬಗ್ಗೆ ಕೇಳುತ್ತೇನೆ. ಗದ್ದದ ಸುತ್ತ ಇದ್ದರೆ ಹೆಲ್ಮೆಟ್ ಪಟ್ಟಿಯೋ ಮಾಸ್ಕೋ ಉಜ್ಜುತ್ತಿರಬಹುದು. ಮುಖವೆಲ್ಲ ಹರಡಿದ್ದರೆ ಹೊಸದಾಗಿ ಶುರು ಮಾಡಿದ ಕ್ರೀಮ್ ಯಾವುದು ಅಂತ ವಿಚಾರಿಸುತ್ತೇನೆ. ಎಷ್ಟೋ ಸಲ ಅದೊಂದನ್ನು ನಿಲ್ಲಿಸುವುದೇ ಅರ್ಧ ಚಿಕಿತ್ಸೆ. ಡಬ್ಬಿಯ ಮೇಲೆ 'ನಾನ್ ಕಾಮೆಡೋಜೆನಿಕ್', ಅಂದರೆ ರಂಧ್ರ ಕಟ್ಟಿಸುವುದಿಲ್ಲ, ಅಂತ ಇದ್ದರೆ ಒಳ್ಳೆಯದೇ, ಆದರೆ ಅದಕ್ಕೆ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ಪರೀಕ್ಷೆ ಇಲ್ಲ. ನಿಮ್ಮ ಚರ್ಮ ಹೇಳಿದ್ದೇ ಅಂತಿಮ.

ಮುಖ ತೊಳೆಯುವುದು ದಿನಕ್ಕೆ ಎರಡು ಸಲ, ಬೆವರಿದರೆ ಇನ್ನೊಂದು ಸಲ. ಸೌಮ್ಯವಾದ ಫೇಸ್‌ವಾಶ್, ಬರಿಗೈ. ಹರಳು ಹರಳಾದ ಸ್ಕ್ರಬ್ ಬೇಡ. ತೊಳೆದ ಮೇಲೆ ಚರ್ಮ ಬಿಗಿದು ಎಳೆದಂತಾದರೆ ಆ ಫೇಸ್‌ವಾಶ್ ಬದಲಿಸಿ.

ಬಿರಡೆ ಸಡಿಲಿಸುವ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಸ್ಯಾಲಿಸಿಲಿಕ್ ಆಸಿಡ್, ಶೇ. 0.5ರಿಂದ 2ರವರೆಗಿನದು. ಇದು ಎಣ್ಣೆಯಲ್ಲಿ ಕರಗುವುದರಿಂದ ಜಿಡ್ಡಿನ ನಡುವೆಯೂ ಒಳಗಿಳಿದು, ಅಂಟಿಕೊಂಡ ಕೋಶಗಳನ್ನು ಬಿಡಿಸುತ್ತದೆ. ವಾರಕ್ಕೆ ಎರಡು ಮೂರು ರಾತ್ರಿಯಿಂದ ಶುರು ಮಾಡಿ, ಉರಿಯದಿದ್ದರೆ ಹೆಚ್ಚಿಸಿ. ಸಾಲದಿದ್ದರೆ ಶೇ. 0.1ರ ಅಡಾಪಲೀನ್ ಜೆಲ್ ಇದೆ. ವೈದ್ಯರನ್ನು ಕೇಳಿಯೇ ಹಚ್ಚಿ. ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ ಸಾಕು, ರಾತ್ರಿ ಮಾತ್ರ, ಒಣಗಿದ ಮುಖಕ್ಕೆ. ಗರ್ಭಿಣಿಯರಿಗೂ ಮಗುವಿಗಾಗಿ ಯೋಚಿಸುತ್ತಿರುವವರಿಗೂ ಇದು ಬೇಡ. ಮೊದಲ ವಾರಗಳಲ್ಲಿ ಮುಖ ಇನ್ನೂ ಕೆಟ್ಟಂತೆ ಕಾಣಬಹುದು. ಫಲ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಹೆಚ್ಚಿನವರು ಮೂರನೇ ವಾರಕ್ಕೇ ಬೇಸತ್ತು ಟ್ಯೂಬ್ ಎಸೆಯುತ್ತಾರೆ. ಆಸಿಡ್, ಅಡಾಪಲೀನ್ ಎರಡನ್ನೂ ಒಟ್ಟಿಗೆ ಶುರು ಮಾಡಿ ಮುಖ ಸುಟ್ಟುಕೊಂಡು ಬರುವವರೂ ಇದ್ದಾರೆ.

ಜಿಡ್ಡು ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಅನ್ನಬೇಡಿ. ಈ ಔಷಧಿಗಳು ಚರ್ಮ ಒಣಗಿಸುತ್ತವೆ, ತೆಳುವಾದ ಜೆಲ್ ರೂಪದ್ದು ಹಚ್ಚಿ. ಬೆಳಿಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ರಾತ್ರಿ ಅದನ್ನೂ ಮೇಕಪ್ಪನ್ನೂ ತೆಗೆದೇ ಮಲಗಬೇಕು.

ಉಗುರಿನಿಂದ ಹಿಸುಕಬೇಡಿ. ಹೊರಗೆ ಬಂದಷ್ಟೇ ಒಳಕ್ಕೂ ಒಡೆದು, ಸುಮ್ಮನಿದ್ದ ವೈಟ್‌ಹೆಡ್ ಕೆಂಪಗೆ ಊದುತ್ತದೆ, ಕಲೆ ಉಳಿಯುತ್ತದೆ.

ಕೆಲವರನ್ನು ನಾನು ಮುಟ್ಟದೆ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ: ಆಳದಲ್ಲಿ ನೋಯುವ ಗಂಟುಗಳಿರುವವರು, ಗುಳಿ ಬೀಳುತ್ತಿರುವವರು, ಮುಟ್ಟು ಏರುಪೇರಾಗಿ ಗದ್ದದಲ್ಲಿ ಕೂದಲು ಬರುತ್ತಿರುವವರು. ಬೆಳ್ಳಗಾಗಲೆಂದು ಹೆಸರಿಲ್ಲದ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿದವರೂ ಅಷ್ಟೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಅದೇ ಗುಳ್ಳೆ ಎಬ್ಬಿಸುತ್ತದೆ, ಥಟ್ಟನೆ ಬಿಟ್ಟರೆ ಮುಖ ಕೆರಳುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಆ ಟ್ಯೂಬನ್ನೂ ತೆಗೆದುಕೊಂಡು ಹೋಗಿ.