ಎರೆ ಹೊಲಕ್ಕೆ ಪಿಕಪ್ ಇಳಿಸುವ ಮುಂಚೆ: ಮಡ್‌ಗಾರ್ಡ್ ಕತ್ತರಿಸುವುದು ಹೇಗೆ?

ಮಳೆಗಾಲದಲ್ಲಿ ಅಣ್ಣಿಗೇರಿ, ನವಲಗುಂದ ಕಡೆಯ ಚಕ್ಕಡಿ ದಾರಿಗಳಲ್ಲಿ ಪಿಕಪ್ ನಿಲ್ಲುವುದು ಹೆಚ್ಚಾಗಿ ಎರೆ ರಾಡಿಯಿಂದ, ಅಂದರೆ ಕಪ್ಪು ಮಣ್ಣಿನ ಕೆಸರಿನಿಂದ. ರಾಡಿ ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಗಾಲಿಯನ್ನೇ ಹಿಡಿದುಬಿಡುತ್ತದೆ. ಅಲ್ಲಿ ಸಂದು ಬಿಡಿಸಬೇಕು. ಆದರೆ ಖಾಲಿ ಗಾಡಿ ನಿಲ್ಲಿಸಿ ಕಣ್ಣಳತೆಯಲ್ಲಿ ಗ್ರೈಂಡರ್ ಹಚ್ಚಿದವರನ್ನು ಬಹಳ ನೋಡಿದ್ದೇನೆ. ಉಳ್ಳಾಗಡ್ಡಿ ಚೀಲ ಹೇರಿದ ದಿನವೇ ಆ ಅಂಚು ಟಯರ್ ಸೀಳುತ್ತದೆ.

ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ.

ಹಿಂದೆ ಕೆಳಗೆ ಸ್ಟೆಪ್ನಿ ತೂಗುತ್ತಿದ್ದರೆ, ದಾರಿ ನಡುವಿನ ದಿಂಡಿಗೆ ತಾಗದ ಹಾಗೆ ಬಿಚ್ಚಿ ಮೇಲಿಡಿ.

ಈಗ ಗುರುತು ಹಾಕುವ ಕೆಲಸ. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ. ಟಯರ್ ಗಾಳಿ ಸರಿ ಮಾಡಿ, ಆರ್‌ಸಿಯಲ್ಲಿ ಬರೆದಷ್ಟೇ ಭಾರ ಹೇರಿ. ಸ್ಟೇರಿಂಗ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ, ಟಯರ್ ಹತ್ತಿರ ಬರುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಆಮೇಲೆ ಒಂದೊಂದೇ ಹಿಂಗಾಲಿಯನ್ನು ಒಡ್ಡಿನ ಮೇಲೆ ಹತ್ತಿಸಿ. ಸ್ಪ್ರಿಂಗ್ ಪಾಟಾ ಕುಗ್ಗಿದಾಗಿನ ಗೆರೆಯೇ ನಿಜವಾದ ಗೆರೆ. ಅದರ ಮೇಲೆ ನಾನು ಮೂರು ಬೆರಳಷ್ಟು ಸಂದು ಬಿಡುತ್ತೇನೆ, ಅದಕ್ಕಿಂತ ಕಡಿಮೆ ಬೇಡ.

ಭಾರ ಇಳಿಸಿ ಕತ್ತರಿಸಿ. ಬಾಡಿ ತಗಡು ಮಾತ್ರ. ಗಾಡಿಯ ಕೆಳಗಿನ ಚೌಕಟ್ಟಾದ ಚಾಸಿಗೆ ಗ್ರೈಂಡರ್ ತಾಗಿಸಬೇಡಿ, ವೆಲ್ಡಿಂಗೂ ಬೇಡ. ಕತ್ತರಿಸಿದ ಅಂಚಿನ ಉದ್ದಕ್ಕೂ ಆರು ಮಿಲಿಮೀಟರ್ ಕಬ್ಬಿಣದ ಸಳಿ ಬೆಸೆಯಿರಿ, ಹರಿತ ಉಳಿಯಬಾರದು. ಬೆಸೆಯುವ ಮೊದಲು ಬ್ಯಾಟರಿಯ ಎರಡೂ ವೈರ್ ಬಿಚ್ಚಿ. ಅರ್ಥಿಂಗ್ ಕ್ಲಾಂಪ್ ಬೆಸುಗೆಯ ಪಕ್ಕದಲ್ಲೇ ಇರಲಿ. ಗಾಲಿ ಹತ್ತಿರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದು ಹಾಳಾಗುತ್ತದೆ. ಡೀಸೆಲ್ ಪೈಪ್, ಬ್ರೇಕ್ ಪೈಪ್ ಮೇಲೆ ಹಸಿ ಗೋಣಿಚೀಲ ಹಾಕಿ.

ಕೆಲವರು ಬಾಡಿಗೂ ಚಾಸಿಗೂ ನಡುವೆ ರಬ್ಬರ್ ಅಥವಾ ಮರದ ತುಂಡು ಕೊಟ್ಟು ಗಾಡಿ ಎತ್ತರ ಆಯಿತು ಅನ್ನುತ್ತಾರೆ. ಎತ್ತರ ಆಗಿದ್ದು ಸಾಮಾನು ಹೇರುವ ಡಾಲಾ ಅಷ್ಟೇ. ದಾರಿ ನಡುವಿನ ದಿಂಡಿಗೆ ಬಡಿಯುವ, ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ, ಅಲ್ವಾ? ಅದು ಮೇಲೇರುವುದು ದೊಡ್ಡ ಟಯರ್‌ನಿಂದ ಮಾತ್ರ. ತುಂಡು ಕೊಟ್ಟರೆ ಸುಮ್ನೆ ಭಾರ ಮೇಲೆ ಹೋಗಿ ಗಾಡಿ ತಿರುವಿನಲ್ಲಿ ವಾಲುತ್ತದೆ.

ಬರಿ ತಗಡಿನ ಮೇಲೆ ಡಬ್ಬಿಯ ಕಪ್ಪು ಸ್ಪ್ರೇ ಹೊಡೆಯಬೇಡಿ. ಎರೆ ಮಣ್ಣು ತೇವ ಹಿಡಿದಿಡುತ್ತದೆ, ಒಳಗೇ ತುಕ್ಕು ತಿನ್ನುತ್ತದೆ. ಮೊದಲು ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಬಣ್ಣ.

ಕೊನೆಗೆ ಮಡ್‌ಗಾರ್ಡ್ ಒಳಗೆ ಸುಣ್ಣ ಬಳಿದು, ಭಾರ ಹೇರಿ, ಅದೇ ಒಡ್ಡು ದಾಟಿಸಿ. ಟಯರ್ ಮೇಲೆ ಬಿಳಿ ಕಂಡರೆ ಅಲ್ಲಿ ಇನ್ನೊಂದು ಬೆರಳು ತೆಗೆಯಿರಿ.