ಸೂಜಿ ಚುಚ್ಚುವ ಮುನ್ನ: ಮರಗಟ್ಟಿಸುವ ಮುಲಾಮನ್ನು ಮೊದಲೇ ಕೇಳಿ

ರಕ್ತಪರೀಕ್ಷೆಗೋ ಡ್ರಿಪ್ ಹಾಕಿಸಲೋ ಪುಟ್ಟ ಮಗುವನ್ನು ಕರೆದೊಯ್ಯುವವರು, ನರ್ಸ್ ಸೂಜಿ ಕೈಗೆತ್ತಿಕೊಂಡ ಮೇಲಲ್ಲ, ಹೆಸರು ಬರೆಸುವಾಗಲೇ ಚರ್ಮ ಮರಗಟ್ಟಿಸುವ ಮುಲಾಮನ್ನು ಕೇಳಿ, ಅದನ್ನು ಎರಡು ಜಾಗಗಳಲ್ಲಿ ಹಚ್ಚಬಹುದೇ ಎಂದೂ ವಿಚಾರಿಸಿ. ಲಿಡೊಕೇನ್ ಮತ್ತು ಪ್ರಿಲೊಕೇನ್ ಎಂಬ ಮರಗಟ್ಟಿಸುವ ಔಷಧಗಳು ಬೆರೆತ ಈ ಮುಲಾಮು ಚರ್ಮದೊಳಕ್ಕೆ ಇಳಿದು ಕೆಲಸ ಮಾಡಲು ಸಾಮಾನ್ಯವಾಗಿ 60 ನಿಮಿಷ ಬೇಕಾಗುವುದರಿಂದ, ತಡವಾಗಿ ಕೇಳಿದರೆ "ಈಗ ಸಮಯವಿಲ್ಲ" ಎಂಬ ಉತ್ತರ ಬರುವುದು ಸಹಜ, ಮತ್ತು ಅದು ನ್ಯಾಯವಾದ ಉತ್ತರವೂ ಹೌದು. ಎರಡನೆಯ ಜಾಗ ಏಕೆಂದರೆ, ಮೊದಲ ಕೈಯಲ್ಲಿ ರಕ್ತನಾಳ ಸಿಗದೆ ಹೋದಾಗ ಇನ್ನೊಂದು ಕೈಯೂ ಸಿದ್ಧವಾಗಿರುತ್ತದೆ. ಜೊತೆಗೆ, ಮಗುವನ್ನು ಮಲಗಿಸಿ ಅದುಮಿ ಹಿಡಿಯುವ ಬದಲು ನಿಮ್ಮ ಮಡಿಲಲ್ಲಿ ನೆಟ್ಟಗೆ ಕೂರಿಸಿ ಅಪ್ಪಿ ಹಿಡಿಯಲು ಅನುಮತಿ ಕೇಳಿ. ಮಲಗಿಸಿ ಹಿಡಿದಾಗ ಮಕ್ಕಳ ಭಯ ಹೆಚ್ಚುತ್ತದೆ, ಒದ್ದಾಟವೂ ಹೆಚ್ಚುತ್ತದೆ. ತುರ್ತು ಚಿಕಿತ್ಸೆಯಲ್ಲಿ ಮುಲಾಮಿಗೆ ಕಾಯುವಂತಿಲ್ಲ, ಕಾಯಿರಿ ಎಂದು ಒತ್ತಾಯಿಸಲೂಬಾರದು. ನವಜಾತ ಶಿಶುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಈ ಮುಲಾಮಿನಿಂದ ಪ್ರಯೋಜನವಾಗುವುದಿಲ್ಲ. ಅಲ್ಲಿ ಎದೆಹಾಲು ಕುಡಿಸುತ್ತಿರುವುದು ಅಥವಾ ಮೈಗೆ ಮೈ ತಾಗಿಸಿ ಎತ್ತಿಕೊಳ್ಳುವುದು ಹೆಚ್ಚು ನೆರವಾಗುತ್ತದೆ. ಗಾಯವಾದ ಚರ್ಮಕ್ಕೆ ಮುಲಾಮನ್ನು ಹಚ್ಚಬಾರದು. ಕೆಲವೊಮ್ಮೆ ಮುಲಾಮಿನಿಂದ ಚರ್ಮ ಬಿಳಿಚಿ ರಕ್ತನಾಳ ಹುಡುಕುವುದು ಕಷ್ಟವಾಗುವುದೂ ಉಂಟು. ಪ್ರಿಲೊಕೇನ್ ಪ್ರಮಾಣ ಮೀರಿದರೆ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗಬಹುದು, ಎಳೆಯ ಶಿಶುಗಳಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಮನೆಯಲ್ಲಿ ತಾವೇ ಹಚ್ಚಿಕೊಂಡು ಹೋಗುವ ಬದಲು, ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಮಗುವಿನ ವಯಸ್ಸು, ತೂಕ ತಿಳಿಸಿ ವೈದ್ಯರಿಂದಲೇ ನಿರ್ಧರಿಸಿಕೊಳ್ಳಿ.