ಸ್ಮಾರ್ಟ್ ಬೋರ್ಡ್ ತಾನೇ ಒತ್ತಿಕೊಳ್ತಿದ್ರೆ ಮೊದಲು ಅಂಚು ನೋಡಿ

ತುಮಕೂರು, ಶಿರಾ, ಪಾವಗಡ ಕಡೆ ಶಾಲೆಗಳ ಸ್ಮಾರ್ಟ್ ಬೋರ್ಡ್ ರಿಪೇರಿ ನನ್ನ ಕಸುಬು. ಮೇಷ್ಟ್ರುಗಳ ಫೋನ್ ಬಂದ್ರೆ ದೂರು ಒಂದೇ: "ಸ್ಕ್ರೀನ್ ಹೋಗಿದೆ ಕಣ್ರೀ, ಇಲ್ಲಿ ಮುಟ್ಟಿದ್ರೆ ಅಲ್ಲೆಲ್ಲೋ ಒತ್ತುತ್ತೆ." ಬಹಳ ಸಲ ಗಾಜಿಗೆ ಏನೂ ಆಗಿರೋದಿಲ್ಲ.

ಸುತ್ತ ದಪ್ಪ ಅಂಚಿರೋ ಬೋರ್ಡುಗಳಲ್ಲಿ ಬೆರಳನ್ನ ಗುರುತಿಸೋದು ಗಾಜಲ್ಲ, ಆ ಅಂಚು. ಎರಡು ಬದಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ ಸಾಲು, ಅವುಗಳ ಎದುರಿಗೆ ಸೆನ್ಸರ್ ಸಾಲು. ಕಣ್ಣಿಗೆ ಕಾಣದ ಬೆಳಕು ಮಗ್ಗದ ಹಾಸು-ಹೊಕ್ಕಿನ ಹಾಗೆ ಗಾಜಿನ ಮೇಲೆ ಹರಡಿರುತ್ತೆ. ಬೆರಳಿಟ್ಟರೆ ಅಡ್ಡ ಎಳೆ, ಉದ್ದ ಎಳೆ ಎರಡಕ್ಕೂ ತಡೆ ಬೀಳುತ್ತೆ. ಅವು ಸೇರೋ ಕಡೆ ಬೆರಳಿದೆ ಅಂತ ಲೆಕ್ಕ. ಹಾಗಾಗಿ ಪೆನ್ಸಿಲ್ಲೂ ನಡೆಯುತ್ತೆ, ಡಸ್ಟರೂ ನಡೆಯುತ್ತೆ. ಟೀಚರ್ ಸೆರಗು ತಾಗಿದ್ರೂ ಒತ್ತಿದ ಹಾಗೇ! ಹಳೇ ವಿದ್ಯೆ ಇದು. 1983ರ ಎಚ್‌ಪಿ-150 ಕಂಪ್ಯೂಟರಲ್ಲೂ ಇತ್ತು, ಅಂಚಿನ ತೂತಿಗೆ ಧೂಳು ತುಂಬೋ ಕಾಟ ಅದಕ್ಕೂ ಇತ್ತು.

ಧೂಳೂ ಬೆರಳಿನ ಹಾಗೇ ಬೆಳಕು ತಡೆಯುತ್ತೆ, ಅದಕ್ಕೇ ಮೊದಲು ಅಂಚು ಒರೆಸೋದು. ಪವರ್ ಆಫ್ ಮಾಡಿ. ಒಣಗಿದ ಮೆತ್ತನೆ ಕಾಟನ್ ಬಟ್ಟೆಯಿಂದ ಅಂಚಿನ ಒಳಮೈಯ ಕಪ್ಪು ಪಟ್ಟಿ ಒರೆಸಿ. ಕೆಳಗಿನ ಅಂಚು ಬಿಡಬೇಡಿ, ಚಾಕ್‌ಪೀಸ್ ಪುಡಿಯೆಲ್ಲ ಅಲ್ಲೇ ಕೂರೋದು. ಮೂಲೆಗೆ ಪೇಂಟ್ ಬ್ರಷ್. ನೀರು ಸ್ಪ್ರೇ ಬೇಡವೇ ಬೇಡ. ಮತ್ತೆ ಆನ್ ಮಾಡುವಾಗ ಯಾರೂ ಬೋರ್ಡ್ ಮುಟ್ಟಿಕೊಂಡು ನಿಲ್ಲಬಾರದು. ಆನ್ ಆಗೋ ಹೊತ್ತಲ್ಲೇ ಬೆಳಕಿನ ಅಳತೆ ಹಿಡಿಯೋ ಅಂಚುಗಳಿವೆ, ಆಗ ಕೈ ಅಡ್ಡ ಇದ್ದರೆ ಅಳತೆ ತಪ್ಪುತ್ತೆ.

ಮಧ್ಯಾಹ್ನ ಮಾತ್ರ ಕಾಟ ಕೊಟ್ಟರೆ ಕಿಟಕಿ ಪರದೆ ಎಳೆದು ನೋಡಿ. ಬಿಸಿಲಲ್ಲೂ ಇನ್‌ಫ್ರಾರೆಡ್ ಇದೆ, ನೇರ ಬಿದ್ದರೆ ಸೆನ್ಸರ್ ತಬ್ಬಿಬ್ಬಾಗುತ್ತೆ. ಪಾವಗಡದ ಬಿಸಿಲಿಗೆ ನಾನು ಮೊದಲು ಕೇಳೋದೇ ಕಿಟಕಿ ಯಾವ ಕಡೆಗಿದೆ ಅಂತ.

ಇಷ್ಟಾದ್ಮೇಲೂ ಸರಿಹೋಗದಿದ್ರೆ ಬೋರ್ಡಲ್ಲಿ ಚಿತ್ರ ಬಿಡಿಸೋ ಪೇಂಟ್ ಆ್ಯಪ್ ತೆರೆದು ಮೂಲೆಯಿಂದ ಮೂಲೆಗೆ ಓರೆಗೆರೆ ನಿಧಾನಕ್ಕೆ ಎಳೀರಿ, ಒಂದೇ ಬೆರಳಲ್ಲಿ. ಮತ್ತೊಂದು ಓರೆಗೆರೆ ಎದುರು ದಿಕ್ಕಿಗೆ. ಎರಡೂ ಒಂದೇ ಎತ್ತರದಲ್ಲಿ ತುಂಡಾದರೆ ಎಡ-ಬಲ ಅಂಚಲ್ಲಿ ಎಲ್‌ಇಡಿಯೋ ಸೆನ್ಸರೋ ಸತ್ತಿರಬಹುದು. ಮೇಲಿಂದ ಕೆಳಕ್ಕೆ ಒಂದೇ ನೇರದಲ್ಲಿ ತುಂಡಾದರೆ ಮೇಲೆ-ಕೆಳಗಿನ ಅಂಚು.

ಎಲ್‌ಇಡಿ ನೋಡೋಕೆ ಫೋನಿನ ಸೆಲ್ಫಿ ಕ್ಯಾಮೆರಾ ಸಾಕು. ಮೊದಲು ಟಿವಿ ರಿಮೋಟ್ ಒತ್ತಿ ಕ್ಯಾಮೆರಾಗೆ ಹಿಡೀರಿ. ಬಲ್ಬ್ ಮಿನುಗಿದರೆ ಆ ಫೋನ್ ಕೆಲಸಕ್ಕೆ ಬರುತ್ತೆ. ರೂಮ್ ಕತ್ತಲು ಮಾಡಿ, ಬೋರ್ಡ್ ಆನ್ ಇಟ್ಟು, ಅಂಚಿನುದ್ದಕ್ಕೂ ಸರಿಸಿ. ನೇರಳೆ-ಬಿಳಿ ಚುಕ್ಕಿ ಸಾಲಲ್ಲಿ ನಡುವೆ ಖಾಲಿ ಕಂಡರೆ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿಟ್ಟು ರಿಪೇರಿಯವರಿಗೆ ಫೋನ್ ಮಾಡಿ. ಗೆರೆ ಎಲ್ಲಿ ತುಂಡಾಯ್ತು ಅಂತಾನೂ ಹೇಳಿ.